ಜೂಲಿಯೆಟ್ಟಳ ಪರಿಣತಿ

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕವು 1597ರಲ್ಲಿ ಮೊದಲು ಅಚ್ಚಾಯಿತು. ಅದಕ್ಕೆ ಆಧಾರವಾದ ಆರ್ಥರ್ ಬ್ರೂಕನ 1562ರ ಕಥನಕಾವ್ಯದಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಕವಿಯು ನಾಲ್ಕೈದು ದಿನಗಳಿಗೆ ಇಳಿಸಿದನು. ಹದಿನಾರರ ಹೊಸ್ತಿಲಲ್ಲಿದ್ದ ನಾಯಿಕೆಯನ್ನು ಹದಿನಾಲ್ಕು ತುಂಬದ ಬಾಲೆಯನ್ನಾಗಿಸಿದನು. ಇಷ್ಟು ಅಲ್ಪಕಾಲದಲ್ಲಿ ಬಾಲೆಯು ಪ್ರೌಢೆಯಾಗುವುದು ಸಹಜವೇ ಎಂಬ ಶಂಕೆಯು ಸಹೃದಯರಲ್ಲಿ ಏಳಬಹುದು.

ಇದಕ್ಕೆ ಸಮಾಧಾನವು ಆಕೆಯ ಆಸರೆಗಳು ಒಂದೊಂದಾಗಿ ಕಳಚುವ ಕ್ರಮದಲ್ಲಿದೆ. ಮೊದಲನೆಯ ಅಂಕದಲ್ಲಿ ಆಕೆ ತಾಯಿಯ ಇಷ್ಟದ ಮಿತಿಯಲ್ಲಿಯೇ ವರನನ್ನು ನೋಡಲೊಪ್ಪುವ ವಿಧೇಯೆ. ಮೂರನೆಯ ಅಂಕದಲ್ಲಿ, ರೋಮಿಯೋವನ್ನು ಗುಟ್ಟಾಗಿ ವರಿಸಿದವಳನ್ನು ತಂದೆಯು ಗದರಿಸುವನು, ತಾಯಿಯು ಕೈಬಿಡುವಳು. ಗುಟ್ಟನ್ನೆಲ್ಲ ಬಲ್ಲ ದಾದಿಯೇ ಪ್ಯಾರಿಸನನ್ನು ಮದುವೆಯಾಗೆನ್ನುವಳು. ಅಂದಿನಿಂದ ಜೂಲಿಯೆಟ್ಟಳು ತನ್ನ ಮನಸ್ಸನ್ನು ಆಕೆಗೆ ತೆರೆಯಳು. ನಾಲ್ಕನೆಯ ಅಂಕದಲ್ಲಿ ಔಷಧವನ್ನು ಕುಡಿಯುವ ಮುನ್ನ ಭಯದಿಂದ ದಾದಿಯನ್ನು ಕೂಗಿ, ಅವಳಿಂದಾಗುವುದೇನೆಂದು ತಾನೇ ತಡೆದುಕೊಳ್ಳುವಳು. ಆ ಗಳಿಗೆಯಲ್ಲಿಯೇ ಆಕೆಯ ಬಾಲ್ಯವು ಮುಗಿಯಿತು.

ಕಡೆಗೆ ಸಮಾಧಿಯಲ್ಲಿ ಪಾದ್ರಿಯೂ ಅಂಜಿ ಹೊರಟುಹೋಗುವನು, ಆಕೆ ಕದಲಳು. ಏಕಾಕಿತನವೇ ಆಕೆಗೆ ಗುರುವಾಯಿತು. ಹಾಗೆ ಕಲಿತ ವಿವೇಕದಿಂದ ಬಾಳಲು ಒಂದು ದಿನವೂ ಉಳಿಯದಿದ್ದುದೇ ಈ ನಾಟಕದ ದಾರುಣತೆ.