ತರಂಗಗಳ ಹಕ್ಕುದಾರರು
ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿನೋದ್ ಪಾವರಾಲ ಅವರ ಸಮುದಾಯ ಬಾನುಲಿ ಕುರಿತ ವಿದ್ವತ್ತು ಹೊಲದ ಬದುವಿನವರೆಗೂ ನಡೆದು ಹೋದದ್ದು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದರೂ ಹಳ್ಳಿಗಳ ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಪರವಾನಗಿಯ ದಾರಿ ತೆರೆದದ್ದು 2006ರ ನೀತಿ. ಅಲ್ಲಿಯವರೆಗೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಂದ್ರ ಕೇಬಲ್ಲಿನಲ್ಲೇ ಮಾತು ಹರಿಸಿತು; ಕಛ್‌ನ ಮಹಿಳೆಯರು ಆಕಾಶವಾಣಿಯಲ್ಲಿ ನಾಟಕದ ಮೂಲಕ ತಮ್ಮ ಕಷ್ಟಸುಖ ಹೇಳಿಕೊಂಡರು. ಕಾಂಚನ್ ಮಲಿಕ್ ಜೊತೆ ಪಾವರಾಲ ಬರೆದ ‘ಅದರ್ ವಾಯ್ಸಸ್’ (2007) ಪುಸ್ತಕ ಈ ಪ್ರಯೋಗಗಳನ್ನು ಕಾನೂನಿನ ಎದುರಿಟ್ಟು ಓದುತ್ತದೆ. ಮರುವರ್ಷವೇ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಮಹಿಳೆಯರ ‘ಸಂಘಂ ರೇಡಿಯೊ’ ಮೊಳಗಿತು. ಆದರೂ ತಮ್ಮೂರ ಸುದ್ದಿಯನ್ನು ತಾವೇ ಓದಲು ಸಮುದಾಯ ಬಾನುಲಿಗೆ ಇನ್ನೂ ಅನುಮತಿಯಿಲ್ಲ. ತರಂಗಗಳ ಹಕ್ಕು ಹೀಗೆ ಪೂರ್ತಿ ದಕ್ಕದಿರುವಾಗಲೇ ಪಾವರಾಲರ ಕೆಲಸದ ಬೆಲೆ ತಿಳಿಯುವುದು.