ಜಾಲಹಳ್ಳಿಯಿಂದ ವೈಟ್‌ಫೀಲ್ಡ್‌ವರೆಗೆ: ನೆಹರು ಮತ್ತು ನರಸಿಂಹರಾವ್ ಪರಂಪರೆಗಳ ತೌಲನಿಕ ವಿವೇಚನೆ

ಸ್ವಾತಂತ್ರ್ಯೋತ್ತರ ಭಾರತದ ಅರ್ಥನೀತಿಯನ್ನು ಕುರಿತ ಬರಹಗಳಲ್ಲಿ ಜವಾಹರಲಾಲ್ ನೆಹರು (1947–64) ಮತ್ತು ಪಿ.ವಿ. ನರಸಿಂಹರಾವ್ (1991–96) ಅವರನ್ನು ಎದುರುಬದುರು ನಿಲ್ಲಿಸುವುದು ರೂಢಿಯಾಗಿದೆ. ಒಬ್ಬರು ಪ್ರಭುತ್ವದ ಪ್ರತಿನಿಧಿ, ಮತ್ತೊಬ್ಬರು ಮಾರುಕಟ್ಟೆಯ ಪ್ರತಿನಿಧಿ ಎಂಬ ಈ ವಿಂಗಡಣೆಯನ್ನು ಬೆಂಗಳೂರಿನ ಹೊರವಲಯದ ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

1956ರ ಕೈಗಾರಿಕಾ ನೀತಿ ನಿರ್ಣಯವು 17 ಉದ್ಯಮಗಳ ಬೆಳವಣಿಗೆಯ ಹೊಣೆಯನ್ನು ಪ್ರಭುತ್ವಕ್ಕೇ ವಹಿಸಿತು. ಅದಕ್ಕೂ ಮೊದಲೇ, 1953ರಲ್ಲಿ ಎಚ್‌ಎಂಟಿ ಮತ್ತು 1954ರಲ್ಲಿ ಬಿಇಎಲ್ ಸ್ಥಾಪನೆಗೊಂಡು ಜಾಲಹಳ್ಳಿಯ ಪರಿಸರದಲ್ಲಿ ನೆಲೆಯೂರಿದವು. ಕಾರ್ಖಾನೆಗಳೊಡನೆ ವಸತಿ, ಶಾಲೆ, ಆಸ್ಪತ್ರೆಗಳೂ ಬಂದವು. ಅಲ್ಲಿ ಪಳಗಿದ ಕುಶಲಕರ್ಮಿಗಳೂ ಬಿಡಿಭಾಗಗಳ ಬೇಡಿಕೆಯೂ ಪಕ್ಕದ ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಆಧಾರವಾದವು. ಆದರೆ ರಕ್ಷಿತ ಮಾರುಕಟ್ಟೆಯಲ್ಲಿ ಬೆಳೆದ ಸಂಸ್ಥೆಗಳೆಲ್ಲ ಸ್ಪರ್ಧೆಯನ್ನು ತಾಳಿಕೊಳ್ಳಲಿಲ್ಲ. ಎಚ್‌ಎಂಟಿ ಕೈಗಡಿಯಾರ ಘಟಕಗಳ ಮುಚ್ಚುಗಡೆಗೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು.

1991ರ ಜುಲೈ 24ರ ನೀತಿಯು 18 ಉದ್ಯಮಗಳನ್ನುಳಿದು ಮಿಕ್ಕವುಗಳಿಗೆ ಪರವಾನಗಿಯ ಕಟ್ಟನ್ನು ಸಡಿಲಿಸಿತು. 1992ರಲ್ಲಿ ನರಸಿಂಹರಾವ್ ಮತ್ತು ಸಿಂಗಪುರದ ಪ್ರಧಾನಿ ಗೋ ಚೋಕ್ ಟಾಂಗ್ ಅವರ ನಡುವೆ ಮೂಡಿದ ಚಿಂತನೆಯ ಫಲವೇ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್. ಸಿಂಗಪುರದ ಸಂಸ್ಥೆಗಳು ಮತ್ತು ಟಾಟಾ ಸಮೂಹದ ಜೊತೆಗೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೂ ಅದರಲ್ಲಿ ಪಾಲುದಾರನಾಗಿತ್ತು. ಎಂದರೆ ಪ್ರಭುತ್ವ ಹಿಂದೆ ಸರಿಯಲಿಲ್ಲ, ತನ್ನ ಪಾತ್ರವನ್ನು ಬದಲಿಸಿಕೊಂಡಿತು. ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ ಕಿಯೋನಿಕ್ಸ್ 1978ರಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದುದನ್ನು ಗಮನಿಸಿದರೆ, ರಾವ್ ಅವರನ್ನು ಈ ನಗರದ ತಂತ್ರಜ್ಞಾನೋದ್ಯಮದ ಮೂಲಪುರುಷರೆನ್ನುವುದೂ ಸರಿಯಲ್ಲ. ಮೊದಲೇ ನೆಟ್ಟ ಸಸಿಗೆ ಅವರ ನೀತಿ ಬಯಲನ್ನು ಒದಗಿಸಿತು.

ನಿಜವಾದ ಭೇದವಿರುವುದು ದುಡಿಯುವವನ ಬಗೆಗಿನ ಹೊಣೆಗಾರಿಕೆಯಲ್ಲಿ. ಮೊದಲ ಮಾದರಿಯು ಸಂಘಟಿತ ಕಾರ್ಮಿಕನನ್ನು ಸೃಷ್ಟಿಸಿತು. ಆತ 1980–81ರಲ್ಲಿ 77 ದಿನಗಳ ಮುಷ್ಕರ ಹೂಡಿ ಅದೇ ಪ್ರಭುತ್ವವನ್ನು ಪ್ರಶ್ನಿಸಬಲ್ಲವನಾದ. ಎರಡನೆಯದು ಹೆಚ್ಚಿನ ವೇತನವನ್ನು ತಂದಿತು, ಆದರೆ ಅಂಥ ದನಿಯನ್ನು ಬೆಳೆಸಲಿಲ್ಲ. ಸ್ಥಾಯಿ ಆದೇಶಗಳ ಕಾಯಿದೆಯಿಂದ ಮಾಹಿತಿ ತಂತ್ರಜ್ಞಾನೋದ್ಯಮಕ್ಕೆ ನೀಡಿದ್ದ ವಿನಾಯಿತಿಯನ್ನು ರಾಜ್ಯ ಸರ್ಕಾರ 2019ರಲ್ಲಿಯೂ 2024ರಲ್ಲಿಯೂ ವಿಸ್ತರಿಸಿತು. ಇದರ ಹೊಣೆಯನ್ನು ನರಸಿಂಹರಾವ್ ಒಬ್ಬರ ಮೇಲೆಯೇ ಹೊರಿಸಲಾಗದು. ಅವರ ತರುವಾಯ ಬಂದ ಸರ್ಕಾರಗಳೂ ಇದರಲ್ಲಿ ಪಾಲುದಾರರು.

ನೆಹರು ಅವರ ಸಂಸ್ಥೆಗಳು ಭದ್ರತೆ ನೀಡಿದ್ದು ತಮ್ಮ ಆವರಣದ ಒಳಗಿದ್ದವರಿಗೆ; ರಾವ್ ಅವರ ನೀತಿ ಅವಕಾಶ ನೀಡಿದ್ದು ಇಂಗ್ಲಿಷ್ ಮತ್ತು ಉನ್ನತ ಶಿಕ್ಷಣ ದಕ್ಕಿದವರಿಗೆ. ಪೀಣ್ಯದ ಗುತ್ತಿಗೆ ಕಾರ್ಮಿಕ ಈ ಎರಡಕ್ಕೂ ಹೊರಗುಳಿದವನು. ಇಬ್ಬರ ಸಾಧನೆಯನ್ನು ತೂಗುವಾಗ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತುಲನೆ ಅಪೂರ್ಣವೇ ಸರಿ.