ಶಿಕ್ಷೆಯ ಕೂಡುಲೆಕ್ಕ

ಒಬ್ಬನೇ ಹಲವು ಬಗೆಯ ಅಪರಾಧಗಳನ್ನು ಮಾಡಿದಾಗ ಒಟ್ಟು ಶಿಕ್ಷೆ ಎಷ್ಟಿರಬೇಕು? ಎಲ್ಲವನ್ನೂ ಕೂಡಿಬಿಟ್ಟರಾಯಿತಲ್ಲ ಎನ್ನಬಹುದು. ಮೆಲ್ಬರ್ನಿನಲ್ಲಿ ಲೆಕ್ಕಪತ್ರಗಳ ನಡುವೆಯೇ ಬದುಕುವ ನನಗೆ ಆ ಉತ್ತರದ ಮೇಲೆ ನಂಬಿಕೆಯಿಲ್ಲ. ಹತ್ತು ಸಣ್ಣ ಕಳವುಗಳ ಮೊತ್ತ ಒಂದು ಕೊಲೆಯ ಶಿಕ್ಷೆಯನ್ನೂ ಮೀರಬಹುದು.

ಇಲ್ಲಿ ಹೈಕೋರ್ಟ್ ಎಂದರೆ ದೇಶದ ಅತ್ಯುನ್ನತ ನ್ಯಾಯಾಲಯ. ಒಟ್ಟು ಶಿಕ್ಷೆ ಒಟ್ಟು ತಪ್ಪಿಗೆ ತಕ್ಕಂತಿರಬೇಕೆಂಬ ತತ್ತ್ವವನ್ನು ಅದು 1988ರ ಮಿಲ್ ಪ್ರಕರಣದಲ್ಲಿ ಎತ್ತಿಹಿಡಿಯಿತು. 1998ರ ಪಿಯರ್ಸ್ ತೀರ್ಪು ಅದಕ್ಕೊಂದು ಕ್ರಮ ಹಾಕಿಕೊಟ್ಟಿತು: ಮೊದಲು ಪ್ರತಿ ಅಪರಾಧಕ್ಕೂ ತಕ್ಕ ಶಿಕ್ಷೆ ನಿಗದಿಮಾಡಿ, ಯಾವುದು ಒಟ್ಟಿಗೆ, ಯಾವುದು ಒಂದರ ನಂತರ ಒಂದು ಎಂಬುದನ್ನು ಆಮೇಲೆ ನೋಡಿ.

ಪಿಯರ್ಸ್ ಮನೆಯೊಂದಕ್ಕೆ ನುಗ್ಗಿ ಒಳಗಿದ್ದವರನ್ನು ತೀವ್ರವಾಗಿ ಗಾಯಗೊಳಿಸಿದ್ದ. ಉದ್ದೇಶಪೂರ್ವಕ ಗಾಯ ಒಂದು ಅಪರಾಧ, ನುಗ್ಗಿ ಗಾಯಗೊಳಿಸಿದ್ದು ಇನ್ನೊಂದು. ಆದರೆ ಗಾಯ ಎರಡರಲ್ಲೂ ಒಂದೇ. ಅದಕ್ಕೆ ಎರಡು ಸಲ ದಂಡಿಸಬಾರದು ಎಂದಿತು ನ್ಯಾಯಾಲಯ. ಕಂಪನಿ ಸಮೂಹದ ಲೆಕ್ಕ ಬರೆಯುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಮಾತೃ ಕಂಪನಿ ತನ್ನ ಅಂಗಸಂಸ್ಥೆಗೆ ಮಾರಿದ ಸರಕನ್ನು ಇಡೀ ಸಮೂಹದ ಮಾರಾಟವೆಂದು ತೋರಿಸುವಂತಿಲ್ಲ.

ಇಷ್ಟರವರೆಗೆ ನನ್ನ ತಕರಾರಿಲ್ಲ. ತಕರಾರು ಕೊನೆಯ ಸಾಲಿನದು. ನಮ್ಮ ವಿಕ್ಟೋರಿಯಾ ರಾಜ್ಯದ 1991ರ ಕಾಯ್ದೆಯಂತೆ, ನ್ಯಾಯಾಧೀಶರು ಬೇರೆ ಹೇಳದಿದ್ದರೆ ಜೈಲುಶಿಕ್ಷೆಗಳು ಸಾಮಾನ್ಯವಾಗಿ ಒಟ್ಟಿಗೇ ನಡೆಯುತ್ತವೆ. ಒಬ್ಬನಿಗೆ ದರೋಡೆಗೆ 8 ವರ್ಷ, ಬೇರೊಂದು ಮನೆಯ ಕಳವಿಗೆ 3 ವರ್ಷ ಎಂದುಕೊಳ್ಳಿ. ಎರಡೂ ಒಟ್ಟಿಗೆ ಸಾಗಿದರೆ ಕಳವಾದ ಮನೆಯವರ ಪಾಲಿಗೆ ಸಿಕ್ಕಿದ್ದು ಸೊನ್ನೆ. ಆ 3ರಲ್ಲಿ 1 ವರ್ಷವನ್ನು 8ಕ್ಕೆ ಸೇರಿಸಿ 9 ಮಾಡಬಹುದು. ಆದರೆ 1 ಏಕೆ, 2 ಏಕಲ್ಲ?

ಎಲ್ಲ ಅಂಶಗಳನ್ನೂ ಒಟ್ಟಾಗಿ ತೂಗಿ ಅಂತಃಪ್ರೇರಣೆಯಿಂದ ಅಂಕಿಯೊಂದಕ್ಕೆ ಬರುವ ವಿಧಾನವನ್ನು 2005ರ ಮಾರ್ಕೇರಿಯನ್ ತೀರ್ಪು ಒಪ್ಪಿತು. 'ಅಂತಃಪ್ರೇರಣೆ' ಎಂಬ ಪದವೇ ನ್ಯಾಯಮೂರ್ತಿ ಕರ್ಬಿ ಅವರಿಗೆ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ.

ಮನುಷ್ಯನ ತಪ್ಪನ್ನು ಸೂತ್ರಕ್ಕೆ ಹಾಕಿ ಗುಣಿಸಿ ಎಂದು ನಾನು ಕೇಳುತ್ತಿಲ್ಲ. ಲೆಕ್ಕದಲ್ಲೂ ಅಂದಾಜುಗಳಿರುತ್ತವೆ, ಆದರೆ ಅಂದಾಜಿನ ಆಧಾರವನ್ನು ಕೆಳಗೆ ಟಿಪ್ಪಣಿಯಲ್ಲಿ ಬರೆಯುತ್ತೇವೆ. ಎಂಟು ಒಂಬತ್ತಾದದ್ದು ಹೇಗೆಂದು ಎರಡು ವಾಕ್ಯ ಬರೆದರೆ, ಜೈಲಿಗೆ ಹೋಗುವವನಿಗೂ ಕಳಕೊಂಡವರಿಗೂ ತಮ್ಮ ಲೆಕ್ಕ ಎಲ್ಲಿ ಸೇರಿತೆಂದು ತಿಳಿಯುತ್ತದೆ. ಮೇಲ್ಮನವಿಯಲ್ಲಿ ತಪ್ಪು ಹುಡುಕುವುದೂ ಆಗ ಸುಲಭ.